ಅಮೆರಿಕದ ಶಾಲೆಗಳಿಗೆ ನಾನು ಕೈ ಹಾಕಿದ್ದು

ಅಮೆರಿಕದ ಶಾಲೆಗಳಲ್ಲಿ ಪಠ್ಯಪುಸ್ತಕದ ಜೊತೆಗೆ ಬಳಸುವ ಪೂರಕ ಸಾಮಗ್ರಿಗಳ ಮಾರುಕಟ್ಟೆ ಯಾವ ದಿಕ್ಕಿಗೆ ಹೊರಳುತ್ತಿದೆ ಎಂಬುದು ತೊಂಬತ್ತರ ದಶಕದಲ್ಲಿ, ಲಂಡನ್ನಿನ ಅಂಚಿನಲ್ಲಿ ನಾವಿದ್ದ ಇಡೀ ಗ್ರೀನ್‌ಫರ್ಡ್‌ನಲ್ಲಿ ಖಚಿತವಾಗಿ ಗೊತ್ತಿದ್ದದ್ದು ನನಗೊಬ್ಬನಿಗೇ. ಅಮೆರಿಕವನ್ನು ನಾನು ನೋಡಿರಲಿಲ್ಲ. ಅದೊಂದು ಅಡ್ಡಿಯೆಂದು ನನಗೆ ಅನ್ನಿಸಿಯೂ ಇರಲಿಲ್ಲ!

ನನ್ನ ಹೆಂಡತಿ ಸುನಂದಾ ಧಾರವಾಡದವಳು, ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಡಾಕ್ಟರು. ನಾನು ಮೈಸೂರಿನವನು, ಡಾಕ್ಟರ ಗಂಡ. ಯುಗಾದಿಗೋ ದೀಪಾವಳಿಗೋ ಕನ್ನಡದವರು ಸೇರಿದಾಗ ಯಾರಾದರೊಬ್ಬರು, "ಮೇಡಂ ಡಾಕ್ಟರು, ಸರಿ. ತಾವು?" ಎಂದು ಕೇಳಿಯೇ ಕೇಳುತ್ತಿದ್ದರು. ಆ "ತಾವು?" ಕಿವಿಗೆ ಬಿದ್ದೊಡನೆ ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳುವ ನೆಪದಲ್ಲಿ ಎದ್ದು ಹೋಗುತ್ತಿದ್ದೆ. ಕಡೆಗೆ, ಶಾಲೆಗಳಿಗೆ ಗೋಡೆಪಟ, ಕಾರ್ಡು, ಅಭ್ಯಾಸದ ಹಾಳೆಗಳನ್ನು ಅಚ್ಚು ಹಾಕಿಸಿ ಅಮೆರಿಕಕ್ಕೆ ಕಳಿಸುವ ಪುಟ್ಟ ಕಂಪನಿಯೊಂದರಲ್ಲಿ ನನಗೂ ತಾತ್ಕಾಲಿಕ ಕೆಲಸ ಸಿಕ್ಕಿತು. ಪೆಟ್ಟಿಗೆಗಳ ಮೇಲೆ ವಿಳಾಸ ಅಂಟಿಸುವುದು ಕೆಲಸ. "ಅಮೆರಿಕದ ಶಿಕ್ಷಣ ಕ್ಷೇತ್ರದಲ್ಲಿದ್ದೇನೆ" ಎನ್ನುವುದು ಹಬ್ಬದ ದಿನದ ಉತ್ತರ.

ಒಂದು ದಿನ ಮಾಲೀಕ ಕಾಲಿನ್ಸ್ ನನ್ನನ್ನು ಒಳಗೆ ಕರೆದ.

"ಅಭ್ಯಾಸದ ಹಾಳೆ ಯಾರಿಗೂ ಬೇಡವಾಗಿದೆ. ಅಮೆರಿಕದವರಿಗೆ ಈಗ ಏನು ಬೇಕು, ಪತ್ತೆ ಹಚ್ಚಿ ಒಂದು ವರದಿ ಬರಿ. ನೀವು ಇಂಡಿಯನ್ನರು ಲೆಕ್ಕದಲ್ಲಿ ಗಟ್ಟಿಗರಲ್ಲವೇ? ವ್ಯಾಪಾರ ಕುದುರಿದರೆ ನಿನ್ನ ಕೆಲಸ ಖಾಯಂ."

ಖಾಯಂ! ಮನೆಗೆ ನಡೆದು ಬಂದೆನೋ ಹಾರಿ ಬಂದೆನೋ ನೆನಪಿಲ್ಲ.

"ಅಲ್ರೀ, ಅಲ್ಲಿ ಸಾಲಿ ಹೆಂಗದಾವ ಅಂತ ಗೊತ್ತಿದ್ದವ್ರನ್ನ ಯಾರನ್ನರ ಕೇಳ್ರಿ ಮೊದಲ" ಎಂದಳು ಸುನಂದಾ.

"ಕೇಳೋದೇನು ಬಂತು? ಕ್ಯಾಟಲಾಗ್ ಇದೆಯಲ್ಲ!"

ಅಮೆರಿಕದ ಇತರ ಕಂಪನಿಗಳ ಕ್ಯಾಟಲಾಗುಗಳನ್ನೆಲ್ಲ ತಿರುವಿ ಹಾಕಿದೆ. ಪುಟಪುಟದಲ್ಲೂ ಒಂದೇ ಮಾತು: ಹ್ಯಾಂಡ್ಸ್-ಆನ್! ಹ್ಯಾಂಡ್ಸ್-ಆನ್ ಗಣಿತ, ಹ್ಯಾಂಡ್ಸ್-ಆನ್ ವಿಜ್ಞಾನ. ಹ್ಯಾಂಡ್ಸ್ ಅಂದರೆ ಕೈಗಳು. ಇದಕ್ಕೆ ನಿಘಂಟು ನೋಡುವಷ್ಟು ದಡ್ಡನೇ ನಾನು? "ಹಾಳೆಯ ಯುಗವು ಮುಗಿದು ಕೈಯ ಯುಗವು ಆರಂಭವಾಗಿರುವುದನ್ನು ಈ ಮೂಲಕ ಮಾಲೀಕರ ಗಮನಕ್ಕೆ ತರಲಾಗಿದೆ" ಎಂಬ ಧಾಟಿಯಲ್ಲಿ ವರದಿ ಬರೆದು ಕೊಟ್ಟೆ. ಕಾಲಿನ್ಸ್ ಓದಿ "ಬ್ರಿಲಿಯಂಟ್!" ಎಂದ. ಒಂದು ಕಪ್ ಟೀ ಕೊಟ್ಟರೂ ಇಲ್ಲಿಯವರು ಹಾಗೇ ಅನ್ನುತ್ತಾರೆಂಬುದು ಆ ಗಳಿಗೆಯಲ್ಲಿ ನನಗೆ ಹೊಳೆಯಲಿಲ್ಲ.

"ಹಾಗಾದರೆ ಕೈಗೆ ಸಂಬಂಧಪಟ್ಟದ್ದೇ ಏನಾದರೂ ತಯಾರಿಸು" ಎಂದ.

ನನಗೆ ನಮ್ಮಜ್ಜಿ ನೆನಪಾದರು. ಅಜ್ಜಿ ಹೆಬ್ಬೆರಳನ್ನು ಉಳಿದ ಬೆರಳುಗಳ ಗೆಣ್ಣುಗಳ ಮೇಲೆ ಓಡಿಸುತ್ತ ಎಣಿಸುತ್ತಿದ್ದರು. ಬೆರಳಿಗೆ ಮೂರರಂತೆ ನಾಲ್ಕು ಬೆರಳಿಗೆ ಹನ್ನೆರಡು. ಐದಕ್ಕೇ ನಿಲ್ಲುವ ಅಮೆರಿಕದ ಮಕ್ಕಳ ಮೇಲೆ ನನಗೆ ಮರುಕ ಹುಟ್ಟಿತು. ಅಂಗೈಯ ದೊಡ್ಡ ಫೋಟೋ, ಒಂದೊಂದು ಗೆಣ್ಣಿನ ಮೇಲೂ ಒಂದೊಂದು ಅಂಕಿ, ಮೇಲೆ "ನಿನ್ನ ಕೈಯಲ್ಲೇ ಗಣಿತ" ಎಂಬ ಶೀರ್ಷಿಕೆ. ಪಟ ಸಿದ್ಧ! ಕೈ ಯಾರದು? ನನ್ನದೇ, ಬಲಗೈ. ಇಂಡಿಯಾದವರ ಅಂಗಡಿಗಳೇ ತುಂಬಿದ ಪಕ್ಕದ ಸೌತ್‌ಹಾಲ್‌ನ ಸ್ಟುಡಿಯೋಗೆ ಹೋಗಿ ಕ್ಯಾಮೆರಾ ಮುಂದೆ ಅಂಗೈ ಚಾಚಿದೆ. ಫೋಟೋಗ್ರಾಫರ್ ಗಂಭೀರವಾಗಿ, "ಪಾಸ್‌ಪೋರ್ಟ್ ಸೈಜಾ?" ಎಂದು ಕೇಳಿದ.

ಮಾದರಿಯನ್ನು ಮಗಳು ಮೇಘಾಳಿಗೆ ತೋರಿಸಿದೆ. ಅವಳು ಇಲ್ಲಿಯ ಪ್ರೈಮರಿ ಶಾಲೆಯಲ್ಲಿ ಓದುತ್ತಿದ್ದಳು.

"ಡ್ಯಾಡ್, ದಿಸ್ ಈಸ್ ವಿಯರ್ಡ್" ಎಂದು ಮುಖ ಸಿಂಡರಿಸಿದಳು.

"ಮಕ್ಕಳ ಮೇಲೆ ಪ್ರಯೋಗಿಸಲಾಗಿ ತೀವ್ರ ಪ್ರತಿಕ್ರಿಯೆ ವ್ಯಕ್ತವಾಗಿದೆ" ಎಂದು ವರದಿಗೆ ಸೇರಿಸಿದೆ.

"ಮೊದಲು ಸ್ವಲ್ಪವೇ ಅಚ್ಚು ಹಾಕಿಸೋಣವೇ?" ಎಂದು ಕಾಲಿನ್ಸ್ ಅನುಮಾನಿಸಿದ.

"ಟ್ರೆಂಡ್ ಯಾರಿಗೂ ಕಾಯುವುದಿಲ್ಲ, ಸರ್!" ಎಂದೆ. ಗೋದಾಮಿನ ತುಂಬ ನನ್ನ ಕೈ ಬಂದು ಬಿತ್ತು.

ಅಮೆರಿಕದಿಂದ ಖರೀದಿಗೆಂದು ಮಿಸೆಸ್ ಡೇಲ್ ಎಂಬ ಹೆಂಗಸು ಬಂದಳು. ಅಲ್ಲಿ ಬಹಳ ಕಾಲ ಟೀಚರ್ ಆಗಿದ್ದವಳಂತೆ. ಪಟ ಬಿಚ್ಚಿ ಮೇಜಿನ ಮೇಲೆ ಹರಡಿದೆ. ಆಕೆ ಕನ್ನಡಕ ಹಾಕಿಕೊಂಡು ನೋಡಿದಳು, ತೆಗೆದು ನೋಡಿದಳು.

"ಇದು ಕೈ ನೋಡಿ ಭವಿಷ್ಯ ಹೇಳುವ ಪಟವೇ?"

"ಛೆ ಛೆ, ಭವಿಷ್ಯ ಎಲ್ಲಿ ಬಂತು ಮೇಡಂ! ನಮ್ಮಜ್ಜಿ ದಿನಾ ಹೀಗೆ ಎಣಿಸಿಯೇ ಜಪ ಮಾಡುತ್ತಿದ್ದರು."

"ಜಪ ಅಂದರೆ?"

"ದೇವರ ಹೆಸರು ಹೇಳುವುದು!"

ಮಿಸೆಸ್ ಡೇಲ್ ಪಟವನ್ನು ಮೆಲ್ಲಗೆ ಬೋರಲು ಹಾಕಿದಳು. "ನಮ್ಮ ಸರ್ಕಾರಿ ಶಾಲೆಗಳಲ್ಲಿ ಪ್ರಾರ್ಥನೆ ಕಲಿಸುವ ಹಾಗಿಲ್ಲ."

ಕಾಲಿನ್ಸ್ ಕೆಮ್ಮಿದ. ನಾನು ಬಿಡಲಿಲ್ಲ. "ದೇವರು ಬೇಡವಾದರೆ ಬಿಡಿ ಮೇಡಂ, ಕೈ ಒಂದನ್ನೇ ಇಟ್ಟುಕೊಳ್ಳಿ!"

"ಒಂದು ಕೈಗೆ ಐದು ಎಂದು ಮಕ್ಕಳಿಗೆ ಹೇಳಿಕೊಡುವಷ್ಟರಲ್ಲಿ ನಮಗೆ ಸಾಕಾಗಿರುತ್ತದೆ. ಇಲ್ಲಿ ಹನ್ನೆರಡಿದೆಯಲ್ಲ?"

"ನಮ್ಮ ಕಡೆ ಹನ್ನೆರಡೇ, ಮೇಡಂ" ಎಂದೆ ಹೆಮ್ಮೆಯಿಂದ.

ಆಕೆ ಒಮ್ಮೆ ನನ್ನ ಬಲಗೈಯ ಕಡೆ ನೋಡಿದಳು. ಬೆರಳು ಎಣಿಸುತ್ತಿದ್ದಳೆಂದು ಕಾಣುತ್ತದೆ.

"ಆದರೆ ಇದು ಹ್ಯಾಂಡ್ಸ್-ಆನ್ ಅಲ್ಲವೇ? ಈಗಿನ ಟ್ರೆಂಡ್! ಕೈ!" ಎಂದು ಕಡೆಯ ಅಸ್ತ್ರ ಬಿಟ್ಟೆ.

ಮಿಸೆಸ್ ಡೇಲ್ ಒಳ್ಳೆಯ ಹೆಂಗಸು, ನಗಲಿಲ್ಲ. ಮಕ್ಕಳು ಮರದ ತುಂಡು, ಮಣಿ, ಕಡ್ಡಿಗಳನ್ನು ತಾವೇ ಮುಟ್ಟಿ, ಜೋಡಿಸಿ, ಮಾಡಿ ಕಲಿಯುವುದಕ್ಕೆ ಹಾಗೆನ್ನುತ್ತಾರೆಂದೂ, ಗೋಡೆಗೆ ತೂಗುಹಾಕಿದ ಕೈಯಿಂದ ಅದು ಸಾಧ್ಯವಿಲ್ಲವೆಂದೂ ಒಂದನೇ ತರಗತಿಯ ಮಗುವಿಗೆ ಹೇಳುವಂತೆ ಬಿಡಿಸಿ ಹೇಳಿದಳು. ಕಾಲಿನ್ಸ್ ತಣ್ಣಗೆ, "ನಿಘಂಟು ನಮ್ಮ ಆಫೀಸಿನಲ್ಲೇ ಇತ್ತು" ಎಂದ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಗ್ರೀನ್‌ಫರ್ಡ್‌ನ ಭೂಮಿ ಅಂಥದ್ದಕ್ಕೆಲ್ಲ ಬಾಯಿ ಬಿಡುವುದಿಲ್ಲ!

ಖಾಯಂ ಆಗಬೇಕಿದ್ದ ಕೆಲಸ ತಾತ್ಕಾಲಿಕವಾಗಿಯೂ ಉಳಿಯಲಿಲ್ಲ. ಬೇಕಾದವರು ಒಯ್ಯಲಿ ಎಂದು ಕಾಲಿನ್ಸ್ ಪಟಗಳನ್ನು ಗೋದಾಮಿನ ಬಾಗಿಲ ಹೊರಗೆ ಇಡಿಸಿದ. ಯಾರೋ ವ್ಯಾನು ತಂದು ಒಯ್ದರೆಂದು ಕೇಳಿ ನನಗೆ ತುಸು ಸಮಾಧಾನವಾಯಿತು. ಶಿಕ್ಷಣಪ್ರೇಮಿಗಳು ಎಲ್ಲ ಕಡೆಯೂ ಇರುತ್ತಾರೆ ಎಂದುಕೊಂಡೆ.

ಮುಂದೊಂದು ಶನಿವಾರ ಸುನಂದಾಳೊಂದಿಗೆ ತರಕಾರಿಗೆಂದು ಸೌತ್‌ಹಾಲ್‌ಗೆ ಹೋಗಿದ್ದೆ. ಅಲ್ಲಿಯ ಮುಖ್ಯ ಬೀದಿ ಬ್ರಾಡ್‌ವೇಯಲ್ಲಿ ಜ್ಯೋತಿಷಿಯೊಬ್ಬನ ಅಂಗಡಿಯ ಬಾಗಿಲು ತೆರೆದಿತ್ತು. ಗೋಡೆಯ ಮೇಲೆ, ಅಂಕಿಗಳ ಸಮೇತ, ನನ್ನ ಕೈ! ಅದರ ಮುಂದೆ ಕೋಲು ಹಿಡಿದು ನಿಂತಿದ್ದ ಜ್ಯೋತಿಷಿ ಮಗನನ್ನು ಕರೆತಂದಿದ್ದ ಮುದುಕಿಗೆ ಹಿಂದಿಯಲ್ಲಿ ಧೈರ್ಯ ಹೇಳುತ್ತಿದ್ದ: "ಚಿಂತೆ ಮಾಡಬೇಡಿ ಬೆಹೆನ್‌ಜಿ, ನಿಮ್ಮ ಮಗನ ಕೈ ಚೆನ್ನಾಗಿದೆ. ಕೆಟ್ಟ ಕೈ ಅಂದರೆ ಇದು, ನೋಡಿ! ಇಂಥವನಿಗೆ ನೌಕರಿ ನಿಲ್ಲುವುದಿಲ್ಲ. ಜೀವಮಾನವಿಡೀ ಹೆಂಡತಿಯ ದುಡಿಮೆಯಲ್ಲೇ ಊಟ!"

ಸುನಂದಾ ಸೆರಗು ಬಾಯಿಗೆ ಒತ್ತಿಕೊಂಡು ಫುಟ್‌ಪಾತಿನ ಮೇಲೇ ನಗತೊಡಗಿದಳು. ನನಗೆ ನಾಚಿಕೆಯೂ ಆಯಿತು, ಆ ಮನುಷ್ಯನ ವಿದ್ಯೆಯ ಮೇಲೆ ಗೌರವವೂ ಬಂತು. ಬಲಗೈಯನ್ನು ಸರಕ್ಕನೆ ಕೋಟಿನ ಜೇಬಿಗೆ ತುರುಕಿದೆ.

"ಹಿಂಗ ಕೈ ಕಿಸೇದಾಗ ಇಡೋ ಕೆಲಸಾ ಅವತ್ತ ಮಾಡಿದ್ರ ನೌಕರಿ ಉಳೀತಿತ್ತಲ್ರೀ!" ಎಂದಳು ಸುನಂದಾ, ಕಣ್ಣೊರೆಸಿಕೊಳ್ಳುತ್ತ.

ಆಮೇಲೆ ತರಕಾರಿ ಚೀಲಗಳನ್ನು ನನ್ನ ಮುಂದೆ ಹಿಡಿದಳು. ಕೈ ಹೊರಗೆ ತೆಗೆಯಲೇಬೇಕಾಯಿತು. ಚೀಲ ಹೊರುವ ಆ ಕೆಲಸವಂತೂ ಖಾಯಂ!