ಹೆಂಡತಿಯ ಹೆಸರಿನ ಪಳೆಯುಳಿಕೆ

ಮದುವೆಯಾದ ಹೊಸದರಲ್ಲಿ, ಬಾಡಿಗೆ ಮನೆಯ ಮೆಟ್ಟಿಲ ಮೇಲೆ ಕೂತು ಧೂಳಪ್ಪ ಹೆಂಡತಿಗೊಂದು ಮಾತು ಕೊಟ್ಟಿದ್ದ. "ನಾನು ಕಂಡುಹಿಡಿಯೋ ಒಂದು ಜೀವಿಗೆ ನಿನ್ನ ಹೆಸರಿಡ್ತೀನಿ ಕಣೇ. ಒಡವೆ ಕಳೆದುಹೋಗುತ್ತೆ, ಬಟ್ಟೆ ಹರಿದುಹೋಗುತ್ತೆ. ಇದು ಮಾತ್ರ ಪ್ರಪಂಚ ಇರೋವರೆಗೂ ಇರುತ್ತೆ."

ಒಡವೆ ಕೊಡಿಸುವ ತಾಕತ್ತಿಲ್ಲದ ಗಂಡಸರು ಇಂಥ ಮಾತು ಆಡುವುದುಂಟು. ಆಕೆ ನಂಬಿದಳು.

ಧೂಳಪ್ಪ ಎಂಬುದು ಕಚೇರಿಯವರಿಟ್ಟ ಅಡ್ಡಹೆಸರು. ಕಲ್ಲಿನ ಪುಡಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟುಕೊಂಡು ಸಂಜೆಯವರೆಗೆ ಕಣ್ಣು ಕೀಲಿಸಿ ಕೂರುವುದು ಅವನ ಕೆಲಸ. ಆ ಪುಡಿಯಲ್ಲಿ ಡೈನೋಫ್ಲಾಜೆಲೇಟ್ ಎಂಬ ಒಂಟಿಕೋಶದ ಜೀವಿಗಳ ಪಳೆಯುಳಿಕೆ ಸಿಗುತ್ತದೆ. ಕೋಟಿಗಟ್ಟಲೆ ವರ್ಷಗಳ ಹಿಂದೆ ಅವು ಸಮುದ್ರದಲ್ಲಿ ತೇಲಿಕೊಂಡಿದ್ದವು. ಕಾಲ ಕೆಟ್ಟಾಗ ಸುತ್ತ ಮುಳ್ಳುಮುಳ್ಳಾದ ಚಿಪ್ಪು ಕಟ್ಟಿಕೊಂಡು ಮಲಗಿಬಿಡುತ್ತಿದ್ದವು. ಜೀವ ಎದ್ದು ಹೋದ ಮೇಲೆ ಉಳಿದ ಖಾಲಿ ಚಿಪ್ಪಿನ ಮೇಲೆ ಧೂಳಪ್ಪನ ಸಂಸಾರ ನಡೆದಿತ್ತು.

ಮೂವತ್ತು ವರ್ಷಗಳಲ್ಲಿ ನಾಲ್ಕು ಹೊಸ ಪ್ರಭೇದ ಕಂಡುಹಿಡಿದ. ಮೊದಲನೆಯದಕ್ಕೆ ಆಗಿನ ನಿರ್ದೇಶಕರ ಹೆಸರಿಟ್ಟ. ನೌಕರಿ ಕಾಯಂ ಆಗಬೇಕಿತ್ತು. ಎರಡನೆಯದಕ್ಕೆ ಕಡಲ ತಳದ ಕೆಸರು ತಂದುಕೊಟ್ಟ ಕಪ್ತಾನನ ಹೆಸರು. ಉಳಿದೆರಡೂ ಹೀಗೇ ಯಾರ್ಯಾರದೋ ಪಾಲಾದವು. ಪ್ರತಿ ಸಲವೂ ಹೆಂಡತಿ ಊಟ ಬಡಿಸುತ್ತಾ, "ಮುಂದಿನದು ನಂದು ತಾನೇ?" ಎನ್ನುತ್ತಿದ್ದಳು. ಆಮೇಲಾಮೇಲೆ ಕೇಳುವುದನ್ನೇ ಬಿಟ್ಟಳು. ಅಂದಿನಿಂದ ಧೂಳಪ್ಪ ತಲೆ ತಗ್ಗಿಸಿಕೊಂಡು ಬೇಗ ಬೇಗ ಉಂಡು ಎದ್ದುಬಿಡುತ್ತಿದ್ದ.

ಐದನೆಯದು ಸಿಕ್ಕಿತು. ತಿಂಗಳ ಕೊನೆಗೆ ನಿವೃತ್ತಿ. ಹೊಸ ಜೀವಿಗೆ ಹೆಸರಿಡುವ ಲೇಖನ ಈ ದಿನವೇ ನಾಲ್ಕು ಗಂಟೆಗೆ ಮುದ್ರಣಕ್ಕೆ ಹೋಗಬೇಕು. ತಪ್ಪಿದರೆ ಮತ್ತೆ ಅವಕಾಶವಿಲ್ಲ.

ಹೆಂಡತಿಯ ಹೆಸರು ಬರೆಯಲು ನಾಚಿ, ಆ ಜಾಗ ಖಾಲಿ ಬಿಟ್ಟು ಟೈಪಿಗೆ ಕೊಟ್ಟದ್ದೇ ಎಡವಟ್ಟಾಯಿತು. ಬಾಡಿಗೆಗೆ ಮನೆ ಖಾಲಿಯಿದೆ ಎಂಬ ಸುದ್ದಿಯಂತೆ, ಹೆಸರಿನ ಜಾಗ ಖಾಲಿಯಿದೆ ಎಂಬ ಸುದ್ದಿ ಹನ್ನೊಂದು ಗಂಟೆಯೊಳಗೆ ಮೂರೂ ಮಹಡಿ ಸುತ್ತಿತು.

ಮೊದಲು ಹೆಡ್ ಕ್ಲರ್ಕ್ ಬಂದ. "ಸಾರ್, ನಮ್ಮ ಮೊಮ್ಮಗೂಗೆ ಇನ್ನೂ ಹೆಸರಿಟ್ಟಿಲ್ಲ. ನಾನೊಂದು ಹೇಳ್ತೀನಿ, ಇದಕ್ಕಿಡಿ. ಒಗ್ಗುತ್ತೋ ಇಲ್ವೋ ನೋಡ್ಕೊಂಡು ಮಗೂಗೂ ಅದನ್ನೇ ಇಡ್ತೀವಿ."

ಸ್ಲೈಡ್ ತಯಾರಿಸುವವಳು ಸೊಂಟಕ್ಕೆ ಕೈಯಿಟ್ಟು ನಿಂತಳು. "ಎಂಟು ದಿನ ಆಸಿಡ್ ಸುರಿದು ಕಲ್ಲು ಕರಗಿಸಿದೋಳು ನಾನು. ಹೆತ್ತೋಳು ಒಬ್ಬಳು, ಹೆಸರು ಪಕ್ಕದ್ಮನೆಯೋರದ್ದಾ?"

ಕೊನೆಗೆ ನಿರ್ದೇಶಕರೇ ಇಳಿದು ಬಂದರು. "ಹಿಂದಿನ ನಿರ್ದೇಶಕರಿಗೆ ಒಂದು ಕೊಟ್ಟಿದ್ರಿ. ನಾನೇನೂ ಕೇಳ್ತಿಲ್ಲಪ್ಪ, ಕೇಳೋ ಸ್ವಭಾವ ನಂದಲ್ಲ. ಆದ್ರೆ ಸಹಿ ಹಾಕೋನು ನಾನು."

ಧೂಳಪ್ಪನಿಗೆ ಎಲ್ಲಿಂದ ಧೈರ್ಯ ಬಂತೋ. "ಹೆಸರು ಆಗ್ಲೇ ಗೊತ್ತುಮಾಡಿದೀನಿ ಸಾರ್. ನಮ್ಮನೆಯವಳದ್ದು" ಎಂದುಬಿಟ್ಟ.

ನಿರ್ದೇಶಕರ ಮುಖ ಹುಳಿ ಮಜ್ಜಿಗೆ ಕುಡಿದಂತಾಯಿತು. "ಓಹೋ! ಹಾಗಾದ್ರೆ ಅವರನ್ನೇ ಕರೆಸ್ರೀ. ಅವರೆದುರಿಗೇ ಸಹಿ ಹಾಕೋಣ."

ಅರ್ಧ ಗಂಟೆಯಲ್ಲಿ ಆಕೆ ಬಂದಳು. ಒಗೆಯುತ್ತಿದ್ದ ಬಟ್ಟೆ ಅಲ್ಲೇ ಬಿಟ್ಟು ಬಂದಿದ್ದಳು. ರವಿಕೆಯ ಒಂದು ತೋಳು ಇನ್ನೂ ಒದ್ದೆ. "ನಿಜವಾಗ್ಲೂ ನಂದೇನ್ರೀ?" ಎಂದು ಪಿಸುಗುಟ್ಟಿದಳು. ಆ ದನಿ ಅಂದು ಬಾಡಿಗೆ ಮನೆಯ ಮೆಟ್ಟಿಲ ಮೇಲೆ ಕೂತಿದ್ದ ಹುಡುಗಿಯದೇ. ಧೂಳಪ್ಪನ ಕನ್ನಡಕ ಮಂಜಾಯಿತು.

ಆಕೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ಚಿನ್ನದ ಬಣ್ಣದ ಪುಟ್ಟ ಉಂಡೆ, ಸುತ್ತ ಮುಳ್ಳು. "ಎಷ್ಟು ಚೆನ್ನಾಗಿದೆ!"

"ಇದನ್ನೂ ನೋಡಿ ಅಕ್ಕಾ" ಎಂದು ಸ್ಲೈಡಿನವಳು ಕಪಾಟಿನಿಂದ ಹಳೆಯ ನಿರ್ದೇಶಕರ ಹೆಸರಿನ ಸ್ಲೈಡನ್ನು ತಂದಿಟ್ಟಳು. "ನಿಮ್ಮದರ ಮುಂದೆ ಇದು ಏನೂ ಅಲ್ಲ."

ಆಕೆ ಅದನ್ನು ನೋಡಿದಳು. ಹೊಸದನ್ನು ಇನ್ನೊಮ್ಮೆ ನೋಡಿದಳು. ಮತ್ತೆ ಹಳೆಯದನ್ನು.

"ಅಯ್ಯೋ ರೀ, ಎರಡೂ ಒಂದೇ ಅಲ್ವಾ? ಹೊಸದು ಮುಚ್ಚಳ ಹಾಕ್ಕೊಂಡಿದೆ, ಹಳೇದರ ಮುಚ್ಚಳ ಬಿದ್ದುಹೋಗಿದೆ. ಅಷ್ಟೇ!"

ನಿರ್ದೇಶಕರು ನಕ್ಕರು. "ಅಮ್ಮಾವ್ರಿಗೆ ಇದೆಲ್ಲ ಅಭ್ಯಾಸ ಇಲ್ಲ, ಪಾಪ."

"ಅಭ್ಯಾಸ ಇಲ್ದೆ ಏನು? ಆಗ ಈ ಹಳೇದರ ಚಿತ್ರ ಬರೆದೋಳೇ ನಾನು! ಎಡಗಡೆ ಮೂರನೇ ಮುಳ್ಳು ಕವಲೊಡೆದಿದೆ ನೋಡಿ. ಅದು ಸರಿ ಬರ್ಲಿಲ್ಲ ಅಂತ ಇವರು ಹನ್ನೊಂದು ಸಲ ಬರೆಸಿದ್ರು. ಅದರಲ್ಲೂ ಅಷ್ಟೇ, ಇದರಲ್ಲೂ ಅಷ್ಟೇ."

ಧೂಳಪ್ಪನಿಗೆ ಎಲ್ಲ ನೆನಪಾಯಿತು. ಅಡುಗೆಮನೆಯ ಮೇಜು, ಕಪ್ಪು ಶಾಯಿ, ಆಕೆಯ ತೊಡೆಯ ಮೇಲೆ ನಿದ್ದೆಹೋದ ಮಗು. ಮಗು ಎದ್ದೀತೆಂದು ಉಸಿರು ಬಿಗಿಹಿಡಿದು ಚುಕ್ಕಿ ಚುಕ್ಕಿ ಇಡುತ್ತಿದ್ದಳು. ಹೊರಗೆ ಕಳಿಸಿ ಬರೆಸುವ ಶಕ್ತಿ ಆಗ ಇರಲಿಲ್ಲ. ಇದ್ದಿದ್ದರೂ ಅಷ್ಟು ಚೆನ್ನಾಗಿ ಬರುತ್ತಿರಲಿಲ್ಲ.

ಅವನು ಬಾಗಿ ನೋಡಿದ. ಮುಳ್ಳು ಎಣಿಸಿದ. ಹಳೆಯದರಲ್ಲಿ ಕಿಂಡಿಯಿದ್ದ ಜಾಗದಲ್ಲೇ ಹೊಸದಕ್ಕೆ ಬಿಲ್ಲೆಯೊಂದು ಕೂತಿತ್ತು. ಒಳಗಿನ ಜೀವಿ ಎದ್ದು ಹೋಗುವಾಗ ತಳ್ಳಿಹೋಗುವ ಬಾಗಿಲು ಅದು. ಬಾಗಿಲು ತೆರೆದ ಮನೆ, ಮುಚ್ಚಿದ ಮನೆ ಎರಡನ್ನೂ ಬೇರೆ ಬೇರೆ ಎಂದುಕೊಂಡಿದ್ದ.

ಒಂದೇ ಜೀವಿಗೆ ಎರಡು ಹೆಸರಿರುವಂತಿಲ್ಲ. ಮೊದಲು ಅಚ್ಚಾದದ್ದೇ ಗಟ್ಟಿ; ಅದನ್ನಿಟ್ಟವನೂ ಅಳಿಸುವ ಹಾಗಿಲ್ಲ. ಇದನ್ನು ಅವನು ತಗ್ಗಿದ ದನಿಯಲ್ಲಿ ಹೇಳಿದ. ಹೆಡ್ ಕ್ಲರ್ಕ್ ಟೈಪಾದ ಹಾಳೆಗಳನ್ನು ಮೆಲ್ಲಗೆ ಮಡಚಿದ.

ಮನೆಯ ದಾರಿಯಲ್ಲಿ ಆಕೆ ಬಿರಬಿರನೆ ಮುಂದೆ ನಡೆದಳು. ಆಮೇಲೆ ಸ್ಫೋಟಿಸಿದಳು.

"ಮೊದಲೇ ಹೇಳಬಾರದಿತ್ತೇನ್ರೀ ಹೀಗೆ ಅಂತ? ಬಾಯಿ ಮುಚ್ಕೊಂಡು ನಿಂತಿರ್ತಿದ್ದೆ!"

"ಎರಡೂ ಒಂದೇ ಅಂತ ನನಗೇ ಗೊತ್ತಿರ್ಲಿಲ್ವಲ್ಲೇ."

"ಆ ಹಳೇ ನಿರ್ದೇಶಕ ಮಹಾರಾಯ ಒಂದು ದಿನ ನಿಮ್ಮ ಜೊತೆ ನೆಟ್ಟಗೆ ಮಾತಾಡಿದೋನಲ್ಲ. ಮುಚ್ಚಳ ಇಲ್ಲದ್ದೂ ಅವನದೇ, ಇರೋದೂ ಅವನದೇ!" ಎಂದವಳಿಗೆ ನಗು ಬಂತು. ನಗುತ್ತಲೇ ಒದ್ದೆ ತೋಳಿನಿಂದ ಕಣ್ಣೊರೆಸಿಕೊಂಡಳು. "ಮುಳ್ಳು ಮಾತ್ರ ಚೆನ್ನಾಗಿ ಬರೆದಿದ್ದೆ ಅಲ್ವಾ?"

"ಅಷ್ಟು ಚೆನ್ನಾಗಿ ಬರೆಯಬಾರದಿತ್ತು ನೀನು."

ಲೇಖನದ ಬದಲು, ಮುಚ್ಚಳ ಇದ್ದದ್ದೂ ಇಲ್ಲದ್ದೂ ಒಂದೇ ಜೀವಿ ಎಂಬ ನಾಲ್ಕು ಸಾಲಿನ ಟಿಪ್ಪಣಿ ಅಚ್ಚಾಯಿತು. ತಿಂಗಳ ಕೊನೆಗೆ ಧೂಳಪ್ಪ ನಿವೃತ್ತನಾದ. ಕೊಟ್ಟ ಮಾತು ನಡೆಯಲಿಲ್ಲ.