ಒಡೆಯದ ಬ್ಯೂರೆಟ್ಟು

ಈಜು ಕಲಿಸುವ ಪಾಠವನ್ನು ಟಪಾಲಿನಲ್ಲಿ ಕಳಿಸುತ್ತೇನೆ ಎಂದವನನ್ನು ಜನ ಹುಚ್ಚ ಎನ್ನುತ್ತಾರೆ. ರಸಾಯನಶಾಸ್ತ್ರದ ಪ್ರಯೋಗಗಳನ್ನು ಮೊಬೈಲಿನಲ್ಲಿ ಕಲಿಸುತ್ತೇನೆ ಎಂದವನಿಗೆ ಮಾತ್ರ ಸಂಬಳ ಕೊಡುತ್ತಾರೆ. ಆ ಸಂಬಳ ತಿನ್ನುತ್ತಿರುವ ಮಹಾನುಭಾವ ನಾನೇ. ಧಾರವಾಡದಿಂದ ಗೋವಾದ ಫೋಂಡಾಕ್ಕೆ ಬಂದು ದೂರಶಿಕ್ಷಣ ಕೇಂದ್ರವೊಂದರಲ್ಲಿ ಮಾಸ್ತರನಾಗಿದ್ದೇನೆ. ನಮ್ಮ ಮೇಲಿನ ಬುದ್ಧಿವಂತರು ಪ್ರಯೋಗಾಲಯಕ್ಕೆ ಬೀಗ ಜಡಿದು ಒಂದು ಆ್ಯಪ್ ತಂದಿದ್ದಾರೆ. ಅದರಲ್ಲಿ ಬ್ಯೂರೆಟ್ ಎಂಬ ಉದ್ದನೆಯ ಗಾಜಿನ ಕೊಳವೆಯ ಚಿತ್ರ. ಬೆರಳಿನಿಂದ ಒತ್ತಿದರೆ ಹನಿ ಬೀಳುತ್ತದೆ. ಕೆಳಗಿನ ಫ್ಲಾಸ್ಕಿನ ದ್ರಾವಣ ತಿಳಿ ಗುಲಾಬಿಯಾದ ಕೂಡಲೇ ಹನಿ ತಾನಾಗಿಯೇ ನಿಂತು, ‘ಶಹಬ್ಬಾಸ್’ ಎಂಬ ಅಕ್ಷರಗಳು ಕುಣಿಯುತ್ತವೆ. ಗಾಜು ಒಡೆಯುವುದಿಲ್ಲ, ಆಮ್ಲ ಸುಡುವುದಿಲ್ಲ, ಯಾರೂ ನಪಾಸಾಗುವುದಿಲ್ಲ. ನಮ್ಮ ಕಾಲದಲ್ಲಿ ಪ್ಯಾಂಟಿಗೆ ಆಮ್ಲದ ತೂತು ಬೀಳದವನನ್ನು ಬಿಎಸ್ಸಿ ಎಂದು ಒಪ್ಪುತ್ತಲೇ ಇರಲಿಲ್ಲ. ಇದೂ ಒಂದು ಶಿಕ್ಷಣವೇ ಎಂದು ಸ್ಟಾಫ್ ರೂಮಿನಲ್ಲಿ ಉಗಿದು, ಮರುಗಳಿಗೆ ಕ್ಯಾಮೆರಾ ಮುಂದೆ ಕೂತು ‘ಒತ್ತಿ, ಹಾಂ, ಹಾಗೇ ಒತ್ತಿ’ ಎನ್ನುವುದು ನನ್ನ ಉದ್ಯೋಗ.

ನನ್ನ ವಿದ್ಯಾರ್ಥಿನಿ ಶಾಂತವ್ವ ಇಲ್ಲೇ ಹತ್ತಿರದ ಕುಂಡಯಿಯ ಔಷಧ ಕಾರ್ಖಾನೆಯಲ್ಲಿ ಮಾತ್ರೆ ಪ್ಯಾಕ್ ಮಾಡುತ್ತಾಳೆ. ಅಲ್ಲಿಯ ಲ್ಯಾಬಿನಲ್ಲೇ ಒಂದು ಜಾಗ ಖಾಲಿ ಬಿತ್ತು. ಸೋಮವಾರ ಕೈಯಿಂದ ಮಾಡಿ ತೋರಿಸುವ ಪರೀಕ್ಷೆ. ಶನಿವಾರ ಅವಳ ಫೋನ್ ಬಂತು.

“ಸರ್, ಆ್ಯಪ್‌ನ್ಯಾಗ ನನಗ ಪೂರಾ ಮಾರ್ಕ್ಸ್ ಬಂದಾವ್ರಿ. ಆದ್ರ ಖರೇ ಬ್ಯೂರೆಟ್ ಒಮ್ಮಿನೂ ಮುಟ್ಟಿಲ್ರಿ. ರಾತ್ರಿ ಪಾಳಿ ಮಾಡಿ ಮಾಡಿ ಸಾಕಾಗೇತ್ರಿ, ಈ ಕೆಲಸ ಸಿಕ್ರ ಅದು ತಪ್ಪತೈತಿ. ಒಂದ್ಸಲ ಮಾಡಿ ತೋರಸ್ತೀರೇನ್ರಿ?”

ನನಗೆ ಮೈಯೆಲ್ಲ ಉರಿದುಹೋಯಿತು. ಮೇಲಿನವರಿಗೆಲ್ಲ ಮನಸಾರೆ ಶಾಪ ಹಾಕುತ್ತ, ಪ್ಯೂನನಿಂದ ಬೀಗದ ಕೈ ಇಸಿದುಕೊಂಡು ಭಾನುವಾರ ಅವಳನ್ನು ಕರೆಸಿ ನಮ್ಮ ಕೇಂದ್ರದ ಲ್ಯಾಬ್ ತೆರೆದೆ. ಜೇಡರ ಬಲೆ ಸರಿಸಿ, ಬ್ಯೂರೆಟ್ ತೊಳೆದು ತುಂಬಿಸಿದೆ.

“ಇಲ್ನೋಡವಾ, ಆ ಆ್ಯಪು ಗೀಪು ಎಲ್ಲಾ ಬರೇ ಆಟ. ವಿದ್ಯಾ ಅಂದ್ರ ಕೈಯಾಗ ಇರಬೇಕು!” ಎಂದು ಭಾಷಣ ಬಿಗಿಯುತ್ತಲೇ ತಿರುಪು ತಿರುಗಿಸಿದೆ. ಹನಿ ಬಿತ್ತು. ಇನ್ನೊಂದು ಬಿತ್ತು. ತಿಳಿ ಗುಲಾಬಿ ಬಣ್ಣ ಚೆಂದವಾಗಿ ಮೂಡಿತು. ಹನಿ ತಾನಾಗಿಯೇ ನಿಲ್ಲುತ್ತದೆಂದು ನಾನು ಕಾಯುತ್ತ ನಿಂತೆ. ಅದೇಕೆ ನಿಲ್ಲುತ್ತದೆ? ನೋಡನೋಡುತ್ತ ಬಣ್ಣ ಕಡುವಾಗಿ ಪ್ರಯೋಗ ಕೆಟ್ಟು, ಫ್ಲಾಸ್ಕಿನಲ್ಲಿ ಕೆಂಪನೆಯ ಕೋಕಮ್ ಶರಬತ್ತು.

ಶಾಂತವ್ವ ಫ್ಲಾಸ್ಕನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಬಹಳ ಮರ್ಯಾದೆಯಿಂದ, “ಇರ್ಲಿ ಬಿಡ್ರಿ ಸರ್. ಮೊದಲ್ನೇ ಸಲ ಯಾರಿಗಾದ್ರೂ ಹಿಂಗ ಆಕ್ಕೇತ್ರಿ” ಎಂದಳು.

ಸಂಜೆಯವರೆಗೆ ಇಬ್ಬರೂ ಕೂಡಿ ಕಲಿತೆವು. ಸೋಮವಾರ ಅವಳು ಪಾಸಾದಳು. ನನಗೆ ಪರೀಕ್ಷೆ ಇಡುವವರು ಯಾರೂ ಇಲ್ಲವಾದ್ದರಿಂದ, ನನ್ನ ನೌಕರಿಯೂ ಉಳಿದಿದೆ.