ಮಾವನನ್ನು ಸಾಯಗೊಡದ ಭಾನುವಾರಗಳು

ಪುಸ್ತಕವನ್ನು ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸುವವನು ಅದನ್ನು ಕತ್ತರಿಯಿಂದ ಮೂರು ತುಂಡು ಮಾಡುತ್ತಾನೆಯೇ? ನನ್ನ ಗೆಳೆಯ ಮಾಡುತ್ತಿದ್ದ! ಅದೂ ಹೊಸ ಪುಸ್ತಕವನ್ನು, ಇನ್ನೂ ಮಸಿಯ ವಾಸನೆ ಆರದ ಪುಸ್ತಕವನ್ನು. ಕೂಸನ್ನು ಮಲಗಿಸಿಕೊಂಡಂತೆ ತೊಡೆಯ ಮೇಲೆ ಮಲಗಿಸಿಕೊಂಡು, ಬೆನ್ನು ಸವರಿ, "ಹೆದರಬ್ಯಾಡ, ನೋಯಂಗಿಲ್ಲ" ಎಂದು ಸಮಾಧಾನ ಹೇಳಿ, ಕಚಕ್ಕನೆ ಅದರ ಹೊಲಿಗೆಯ ದಾರ ಕತ್ತರಿಸಿಬಿಡುತ್ತಿದ್ದ.

ಅವನು ಸಿರುಗುಪ್ಪದಲ್ಲಿ ದರ್ಜಿ. ತೀರಿಕೊಂಡು ಮೂರು ತಿಂಗಳಾಯಿತು. ನಾನು ಬಳ್ಳಾರಿಯ ಒಂದು ಹತ್ತಿ ಗಿರಣಿಯಲ್ಲಿ ಗುಮಾಸ್ತ. ಮೂರನೆಯ ಫಾರಂವರೆಗೆ ಕಲಿತವನು. ಓದುವ ಚಟ ಉಂಟೇ ಹೊರತು ಬರೆಯುವ ಅಭ್ಯಾಸವಿಲ್ಲ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಅವನ ಕೊನೆಯ ತಿಂಗಳುಗಳಲ್ಲಿ ಒಂದು ಸುಳ್ಳನ್ನು ಕಾಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ತಾನು ಉಳಿಯುವುದಿಲ್ಲ ಎಂಬುದು ಅವನಿಗೆ ತಿಳಿಯಬಾರದು, ಅಷ್ಟೇ. ಆ ಕೆಲಸವನ್ನು ನಾನು ಎಷ್ಟು ಕೆಟ್ಟದಾಗಿ ಮಾಡಿದೆ ಎಂದು ಹೇಳಿದರೆ ನೀವು ನಗುತ್ತೀರಿ. ನಗಬಹುದು. ಅವನೇ ನಕ್ಕಿದ್ದಾನೆ.

ಮೊದಲು ಕತ್ತರಿಯ ವಿಷಯ ಹೇಳಿಬಿಡುತ್ತೇನೆ. ನಾವು ಮೂವರು ಗೆಳೆಯರು. ಬಳ್ಳಾರಿಯಲ್ಲಿ ನಾನು, ಸಿರುಗುಪ್ಪದಲ್ಲಿ ಅವನು, ಕುರುಗೋಡಿನ ಪ್ರಾಥಮಿಕ ಶಾಲೆಯಲ್ಲಿ ಒಬ್ಬ ಮಾಸ್ತರು. ಯುದ್ಧದ ಕಾಲ. ಸಕ್ಕರೆ, ಸೀಮೆಎಣ್ಣೆಗಳಂತೆ ಕಾಗದಕ್ಕೂ ಬರ. ಹೊಸ ಕಾದಂಬರಿಯೊಂದು ಧಾರವಾಡದಿಂದಲೋ ಮೈಸೂರಿನಿಂದಲೋ ನಮ್ಮ ಕೈಗೆ ಬಂದರೆ ಅದು ಒಂದೇ ಪ್ರತಿ. ಒಬ್ಬ ಓದುವಾಗ ಇಬ್ಬರು ಬಾಯಿ ಬಿಟ್ಟುಕೊಂಡು ಕಾಯಬೇಕು. ಮಾಸ್ತರಂತೂ ಒಂದು ಪುಸ್ತಕ ಹಿಡಿದರೆ ಒಂದು ಪರೀಕ್ಷೆಯಿಂದ ಇನ್ನೊಂದು ಪರೀಕ್ಷೆಯವರೆಗೆ ಬಿಡುವವರಲ್ಲ. ದರ್ಜಿಗೆ ಸಹನೆ ಮೀರಿತು.

"ಮೂರು ಮಂದಿಗೆ ಒಂದು ಥಾನು ಬಟ್ಟಿ ಕೊಟ್ರ ಏನು ಮಾಡ್ತೀವಿ? ಹರಿದು ಹಂಚ್ಕೋತೀವಿ. ಇದಕ್ಕೇನು ಕೋಡು ಮೂಡ್ಯಾವ?" ಎಂದು ಕತ್ತರಿ ತೆಗೆದ.

ಅಂದಿನಿಂದ ಅದೇ ನಮ್ಮ ಪದ್ಧತಿಯಾಯಿತು. ಮೊದಲ ಭಾಗ ನನಗೆ, ನಡುವಿನದು ಮಾಸ್ತರಿಗೆ, ಕೊನೆಯದು ಅವನಿಗೆ. ಓದಿ ಮುಗಿದಂತೆ ಬಸ್ಸಿನಲ್ಲಿ ಕಳಿಸಿ ಅದಲುಬದಲು ಮಾಡಿಕೊಳ್ಳುವುದು. ಎಲ್ಲರದೂ ಮುಗಿದ ಮೇಲೆ ಅವನು ಮೂರನ್ನೂ ಸೇರಿಸಿ, ದಪ್ಪ ದಾರದಲ್ಲಿ ಹೊಲಿದು, ಚೂರು ಬಟ್ಟೆಯ ಹೊದಿಕೆ ಹಾಕಿ ಇಡುತ್ತಿದ್ದ. ನಮ್ಮ ಪುಸ್ತಕಗಳನ್ನು ನೋಡಿದರೆ ಸಿರುಗುಪ್ಪದಲ್ಲಿ ಆ ವರ್ಷ ಯಾವ ಅಂಗಿಬಟ್ಟೆ ಓಡಿತು ಎಂದು ಹೇಳಬಹುದಿತ್ತು.

ಮೂವರೂ ಬೇರೆ ಬೇರೆ ಕಡೆಯಿಂದ ಓದಿದರೆ ಏನಾಗುತ್ತದೆ ಎಂದು ಕೇಳುತ್ತೀರಾ? ಮಾಸ್ತರಿಗೆ ಯಾರು ಯಾರ ಮಗ ಎಂಬುದೇ ಗೊತ್ತಿರುತ್ತಿರಲಿಲ್ಲ. ದರ್ಜಿಗೆ ಎಲ್ಲರ ಸಾವು, ಮದುವೆ ಮೊದಲೇ ತಿಳಿದಿರುತ್ತಿತ್ತು. ಬಾಯಿ ಬಿಡಬಾರದೆಂಬುದು ಒಪ್ಪಂದ. ಅವನು ಬಾಯಲ್ಲಿ ಬಿಸಿ ಮಿರ್ಚಿ ಇಟ್ಟುಕೊಂಡವನಂತೆ ಒದ್ದಾಡುತ್ತಿದ್ದ!

ಆ ಭಾಗಗಳನ್ನು ಅವನು ಬಟ್ಟೆಚೂರಿನಲ್ಲಿ ಸುತ್ತಿ, ಪೆಟ್ರೋಲ್ ಸಿಗದೆ ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತ, ಕೆಮ್ಮುತ್ತ ಬರುತ್ತಿದ್ದ ಬಸ್ಸಿನ ಕಂಡಕ್ಟರನ ಕೈಗೆ ಕೊಡುತ್ತಿದ್ದ. ದರ್ಜಿಯ ಅಂಗಡಿಯಿಂದ ವಾರಕ್ಕೊಂದು ಗಂಟು ಬಂದರೆ ಕಂಡಕ್ಟರ್ ಏನೆಂದುಕೊಂಡಾನು? "ಗಿರಣಿ ಗುಮಾಸ್ತರು ವಾರಕ್ಕೊಂದು ಕುಪ್ಪಸ ಹೊಲಿಸ್ತಾರ. ಯಾರಿಗೋ!" ಎಂದು ಬಸ್ ನಿಲ್ದಾಣದಲ್ಲಿ ಹೇಳಿದನಂತೆ. ಮಾತು ನಡೆದುಕೊಂಡು ನನ್ನ ಮನೆಗೇ ಬಂತು. ನನ್ನ ಹೆಂಡತಿ ಗಂಟು ಬಿಚ್ಚಿ, ನೂರ ಇಪ್ಪತ್ತು ಪುಟಗಳ ಕಾದಂಬರಿಯ ತುಂಡನ್ನು ಝಾಡಿಸಿ ನೋಡಿ, ಅದರಲ್ಲಿ ಕುಪ್ಪಸ ಸಿಗದೆ ಇನ್ನಷ್ಟು ಸಿಟ್ಟಾದಳು. "ಕುಪ್ಪಸ ಆಗಿದ್ರ ನಾನಾರ ತೊಟ್ಕೋತಿದ್ದೆ!"

ಅವನ ಕಸುಬಿನ ಕಥೆಯೂ ಕೇಳುವಂಥದ್ದೇ. ಮಿಷಿನ್ನಿನ ಮೇಜಿನ ಮೇಲೆ ಪುಸ್ತಕ, ಕಾಲು ಪೆಡಲಿನ ಮೇಲೆ. ಕಥೆಯಲ್ಲಿ ಕುದುರೆ ಓಡಿದರೆ ಮಿಷಿನ್ನೂ ಓಡುತ್ತಿತ್ತು. ಯಾರಾದರೂ ಸತ್ತರೆ ಮಿಷಿನ್ ನಿಲ್ಲುತ್ತಿತ್ತು. ಅವನು ಅಳುತ್ತ ಹೊಲಿದ ಅಂಗಿ ಎರಡು ಒಗೆತಕ್ಕೆ ಬಿಚ್ಚಿಕೊಳ್ಳುತ್ತದೆ ಎಂದು ಊರಿನಲ್ಲಿ ಮಾತಿತ್ತು. ಬಟ್ಟೆ ಕೊಡಲು ಬಂದವರು, "ಈಗ ಎಂಥಾ ಕತಿ ನಡದೈತಿ? ನಗೂದೋ ಅಳೂದೋ?" ಎಂದು ವಿಚಾರಿಸಿ ಕೊಡುತ್ತಿದ್ದರು. ಒಮ್ಮೆ ದೇಶನೂರಿನ ರೈತರೊಬ್ಬರು ಮಗನ ಮದುವೆಯ ಕೋಟಿಗಾಗಿ ನಾಲ್ಕನೆಯ ಸಲ ಬಂದು ಎಗರಾಡಿದರು. ಇವನು ತಲೆ ಎತ್ತದೆ, "ಕುಂದರ್ರಿ ಗೌಡ್ರ, ಇನ್ನ ಎರಡ ಹಾಳಿ. ಹುಡುಗಿ ಹೊಳ್ಯಾಗ ಬಿದ್ದಾಳ" ಎಂದ. ಗೌಡರು ಕುಳಿತರು. "ಯಾರು ತೆಗದ್ರು?" ಎಂದರು. ಇವನು ಓದಿ ಹೇಳಿದ. ಹುಡುಗಿಯನ್ನು ದಡಕ್ಕೆ ತರುವ ಹೊತ್ತಿಗೆ ದೇಶನೂರಿನ ಬಂಡಿ ಹೋಗಿತ್ತು. ಕೋಟಿನ ಗುಂಡಿಗಳನ್ನು ಇವನು ಮದುವೆಯ ಹಂದರದಲ್ಲಿ ಹೊಲಿದ, ವರ ಅದನ್ನು ತೊಟ್ಟುಕೊಂಡು ನಿಂತಿದ್ದಾಗಲೇ!

ಒಂದು ಸಲ ಎರಡು ಕಾದಂಬರಿಗಳನ್ನು ಒಟ್ಟಿಗೆ ಕತ್ತರಿಸಿದ್ದ. ಹೊಲಿಯುವಾಗ ಒಂದರ ಬಾಲ ಇನ್ನೊಂದಕ್ಕೆ ಬಿತ್ತು. ಎರಡನೆಯ ಸಲ ಓದೋಣವೆಂದು ತರಿಸಿಕೊಂಡ ಮಾಸ್ತರು ಕುರುಗೋಡಿನ ಗುಡಿಯ ಕಟ್ಟೆಯ ಮೇಲೆ ಕುಳಿತು ಅದನ್ನು ನಮಗೆ ಮೂರು ವಾರ ವಿವರಿಸಿದರು. ನಾಯಕನ ಹೆಸರೇ ಬದಲಾಗಿದೆಯಲ್ಲ ಎಂದು ನಾನು ಕೇಳಿದರೆ, "ದುಃಖದಾಗ ಮನುಷ್ಯಾ ಹೆಸರು ಸೈತ ಬದಲಿ ಮಾಡ್ತಾನ, ತಿಳ್ಕೋ" ಎಂದರು. ಕೊನೆಗೆ ಪುಟದ ಸಂಖ್ಯೆ ನೋಡಿದವನು ದರ್ಜಿಯೇ. ಬಿಚ್ಚಿ ಹೊಲಿಯುವನೆಂದುಕೊಂಡಿರಾ? "ಮಂದಿ ಅಂಗಿಗೆ ತೋಳು ಅದಲಿಬದಲಿ ಹಚ್ಚೀನಿ. ತೊಟ್ಕೊಂಡು ಹೋಗ್ಯಾರ. ಇದೂ ಇರ್ಲಿ" ಎಂದ. ಇದೆ. ಈಗಲೂ ಹಾಗೆಯೇ ಇದೆ.

ಯುದ್ಧ ಮುಗಿಯಿತು. ಕಾಗದ ಸಿಗತೊಡಗಿತು. ಸ್ವಾತಂತ್ರ್ಯವೂ ಬಂತು. ನಾವು ಕತ್ತರಿಸುವುದನ್ನು ಬಿಡಲಿಲ್ಲ. ಬಳ್ಳಾರಿ ಆಂಧ್ರದ ಕಡೆಗೋ ಮೈಸೂರಿನ ಕಡೆಗೋ ಎಂದು ಹೋಟೆಲುಗಳಲ್ಲೆಲ್ಲ ಜಗಳ ನಡೆಯುತ್ತಿದ್ದಾಗ ಅವನು ಅಂದದ್ದು ಒಂದೇ ಮಾತು: "ಕತ್ತರಿ ಹಿಡಿಯಾಕ ಎಲ್ಲಾರೂ ಅದಾರ. ಹೊಲಿಯಾವ್ರು ಯಾರಂತ ಕೇಳ್ರಿ."

ಆ ಹೊತ್ತಿಗಾಗಲೇ ಅವನಿಗೆ ಕೆಮ್ಮು ಹಿಡಿದಿತ್ತು.

ಬಳ್ಳಾರಿಯ ಡಾಕ್ಟರರಿಗೆ ತೋರಿಸಲು ನಾನೇ ಕರೆದುಕೊಂಡು ಹೋದೆ. ಅವರು ನನ್ನನ್ನು ಮಾತ್ರ ಹೊರಗೆ ಕರೆದು ಹೇಳಿದರು: "ಎದಿ ಪೂರಾ ಹೋಗೇತಿ. ಹೇಳಬ್ಯಾಡ್ರಿ. ಎದಿ ಒಡಕೊಂಡ್ರ ಉಣ್ಣೂದೂ ಬಿಡ್ತಾನ. ನಕ್ಕೋಂತ ಉಂಡಷ್ಟು ದಿನ ಅವನವು." ಅವನ ಹೆಂಡತಿಗೆ ಹೇಳಿದೆ. ಆಕೆ ಸೆರಗಿನಿಂದ ಬಾಯಿ ಒತ್ತಿಕೊಂಡು, ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದಳು. "ಅವರಿಗೆ ಗೊತ್ತಾಗಬಾರದ್ರಿ ಅಣ್ಣಾರ" ಎಂದಳು. ಹಾಗೇ ಎಂದು ನಿಶ್ಚಯ ಮಾಡಿಕೊಂಡೆವು.

ಅವನಿಗೆ ಮಲಗಿದಲ್ಲಿ ಪುಸ್ತಕ ಹಿಡಿಯಲು ಆಗುತ್ತಿರಲಿಲ್ಲ. ಅಕ್ಷರಗಳು ಓಡಾಡುತ್ತವೆ ಎನ್ನುತ್ತಿದ್ದ. ಹಾಗಾಗಿ ಪ್ರತಿ ಭಾನುವಾರ ಬೆಳಗಿನ ಬಸ್ಸಿಗೆ ನಾನು ಹೋಗಿ ಓದಿ ಹೇಳುವುದೆಂದಾಯಿತು. ಮೊದಲ ಸಲ ಒಂದು ಪುಸ್ತಕ ಕತ್ತರಿ ಕಾಣದೆ ನಮ್ಮ ಕೈಯಲ್ಲಿ ಇಡಿಯಾಗಿ ಉಳಿದಿತ್ತು. ದಪ್ಪ ಕಾದಂಬರಿ. ಅದರಲ್ಲಿ ಒಬ್ಬ ಮಾವ. ನಾಯಕನ ಸೋದರಮಾವ, ಆದರೆ ಊರಿಗೆಲ್ಲ ಮಾವ. ಎಲ್ಲರನ್ನೂ ಗೇಲಿ ಮಾಡುವವನು. ನನ್ನ ಗೆಳೆಯನಿಗೆ ಅವನೆಂದರೆ ಜೀವ. "ನಾಯಕನ್ನ ಬಿಡಲೇ, ಅಂವ ಬರೇ ನಿಟ್ಟುಸಿರು ಬಿಡ್ತಾನ. ಮಾವ ಎಲ್ಲಿದಾನ ನೋಡು" ಎನ್ನುತ್ತಿದ್ದ.

ಒಂದು ಭಾನುವಾರ ಬಸ್ಸಿನಲ್ಲಿ ಆ ದಿನದ ಪುಟಗಳನ್ನು ಮೊದಲೇ ಓದಿಕೊಳ್ಳುತ್ತಿದ್ದೆ. ಮಾವನಿಗೆ ಕೆಮ್ಮು ಬಂತು. ಎರಡು ಪುಟದ ಮೇಲೆ ಹಾಸಿಗೆ ಹಿಡಿದ. ನೂರಾ ಎಪ್ಪತ್ತನೆಯ ಪುಟದಲ್ಲಿ ಸತ್ತುಹೋದ. ಇದನ್ನು ಆ ಮಂಚದ ಪಕ್ಕದಲ್ಲಿ ಕುಳಿತು ಹೇಗೆ ಓದಲಿ?

ನಾನು ಜನ್ಮದಲ್ಲಿ ಒಂದು ಕಥೆ ಕಟ್ಟಿದವನಲ್ಲ. ಅಂದು ಕಟ್ಟಿದೆ. ಮಾವ ಹಾಸಿಗೆಯ ಮೇಲೆ ಎದ್ದು ಕುಳಿತ. "ಗಂಜಿ ತರ್ರಿ" ಎಂದ. ಕುಡಿದ. ಬೆವರಿದ. ಜ್ವರ ಇಳಿಯಿತು.

ಮಂಚದ ಮೇಲಿದ್ದವನು ಹೆಂಡತಿಯನ್ನು ಕೂಗಿದ. "ನಮ್ಮನ್ಯಾಗೂ ಗಂಜಿ ಐತೇನು?" ನಾಲ್ಕು ದಿನದಿಂದ ಏನೂ ಮುಟ್ಟದವನು ಒಂದು ಬಟ್ಟಲು ಕುಡಿದ. ಆಕೆ ನನ್ನನ್ನು ಬಾಗಿಲತನಕ ಕಳಿಸಲು ಬಂದಳು. ಕಣ್ಣು ತುಂಬಿತ್ತು. "ಅಣ್ಣಾರ, ಹೆಂಗಾರ ಮಾಡಿ ಆ ಮಾವನ್ನ ಬದುಕಿಸಿ ಇಡ್ರಿ."

ಅಚ್ಚಾದ ಪುಸ್ತಕದಲ್ಲಿ ಸತ್ತವನನ್ನು ಬದುಕಿಸುವುದು ಸುಲಭವೇ? ಮುಂದಿನ ನೂರೈವತ್ತು ಪುಟ ಇಡೀ ಊರು ಮಾವನನ್ನು ನೆನೆದು ಅಳುತ್ತದೆ! ಆಸ್ತಿ ಪಾಲಾಗುತ್ತದೆ. ತಿಥಿಯೂ ಆಗುತ್ತದೆ. ಆ ತಿಥಿಯನ್ನು ನಾನು ಸತ್ಯನಾರಾಯಣನ ಪೂಜೆ ಮಾಡಿದೆ. ಮಾವನ ಹೆಂಡತಿಯ ಅಳುವಿಗೆ ಕಾರಣ ಬೇಕಲ್ಲ, ಅವಳ ಕೈಯಲ್ಲಿ ಈರುಳ್ಳಿ ಹೆಚ್ಚಿಸಿದೆ. ಮಾವನಿಗೆ ಕೊಡಲು ಬೇರೆ ಕೆಲಸ ನನಗೆ ತಿಳಿಯದೆ ಬಳ್ಳಾರಿಗೆ ಕಳಿಸಿ ಹತ್ತಿ ಗಿರಣಿಗೆ ಸೇರಿಸಿದೆ. ಕುರುಗೋಡಿಗೆ ಓಡಿ ಮಾಸ್ತರ ಕಾಲು ಹಿಡಿದೆ. ಅವರು ಒಂದು ವಾರದ ಕಥೆ ಬರೆದುಕೊಟ್ಟರು. ಅದರಲ್ಲಿ ಮಾವ ಮಕ್ಕಳಿಗೆ ಹದಿನೇಳರ ಮಗ್ಗಿ ಹೇಳಿಕೊಡುತ್ತಿದ್ದ.

"ಹೋದ ಐತಾರ ಗಿರಣ್ಯಾಗ ಹತ್ತಿ ತೂಗತಿದ್ದ. ಈ ಐತಾರ ಸಾಲ್ಯಾಗ ಅದಾನ" ಎಂದ ಗೆಳೆಯ, ಕಣ್ಣು ಮುಚ್ಚಿಕೊಂಡೇ. "ಬರೋ ಐತಾರ ನನ್ನ ಮಿಷಿನ್ ತುಳಿಯಾಕ ಬರ್ತಾನೇನು?"

"ಕತಿ ಹಂಗೈತಿ, ನಾನೇನು ಮಾಡ್ಲಿ?" ಎಂದೆ.

"ಹೂಂ. ಬರದಾಂವ ಮೊದಲು ಚಲೋ ಬರೀತಿದ್ದ. ಈಗ ಯಾಕೋ ಕೈ ಕೆಟ್ಟೈತಿ."

ನನಗೆ ನಗುವೂ ಬಂತು, ನಾಚಿಕೆಯೂ ಆಯಿತು. ಮಾವ ಇನ್ನೂ ಐದು ಭಾನುವಾರ ಬದುಕಿದ. ಬಟ್ಟಲುಗಟ್ಟಲೆ ಗಂಜಿ ಕುಡಿದ. ಅವನ ಜೊತೆಗೆ ಇವನೂ ಕುಡಿದ. ದಿನದಿನಕ್ಕೆ ಬಟ್ಟಲು ಚಿಕ್ಕದಾಗುತ್ತ ಬಂತು.

ಆರನೆಯ ಭಾನುವಾರ ಹೆಂಡತಿ ನೀರಿಗೆ ಹೋಗಿದ್ದಾಗ ಗೆಳೆಯ ನನ್ನ ಮಣಿಕಟ್ಟು ಹಿಡಿದ. ಕೈಯಲ್ಲಿ ತೂಕವೇ ಇರಲಿಲ್ಲ.

"ಲೇ, ಮಾವ ಎಷ್ಟನೇ ಹಾಳ್ಯಾಗ ಸತ್ತ?"

"ಯಾವ ಮಾವ?"

"ನೀ ಹಾಳಿ ತಿರುವಲಾರದ ತಾಸುಗಟ್ಟಲೆ ಓದ್ತೀ. ನನ್ನ ಕಣ್ಣು ಹೋಗ್ಯಾವ, ಕಿವಿ ಅದಾವ. ಹೇಳು."

"ನೂರಾ ಎಪ್ಪತ್ತರಾಗ" ಎಂದೆ.

"ಅಲ್ಲಿಂದ ಓದು. ಬರದಾಂವ ಬರದಂಗ ಓದು."

ಓದಿದೆ. ನಾನು ಎಲ್ಲೆಲ್ಲಿ ನಿಂತೆನೋ ಅಲ್ಲೆಲ್ಲ ಅವನು ಕಾದ. ಮಾವ ಯಾರನ್ನೋ ಗೇಲಿ ಮಾಡುತ್ತ, ಆ ಮಾತು ಅರ್ಧಕ್ಕೆ ನಿಂತು, ಸತ್ತ. ಓದಿ ಮುಗಿಸಿ ಅವನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

"ಚಲೋ ಬರದಾನ" ಎಂದ ಅವನು. "ನಿನಗಿಂತ ಚಲೋ ಬರದಾನ."

ಹೊರಗೆ ಕೊಡ ಇಳಿಸಿದ ಸದ್ದಾಯಿತು. ಅವನು ಗಡಬಡಿಸಿ ದನಿ ತಗ್ಗಿಸಿದ. "ಆಕಿಗೆ ಹೇಳಬ್ಯಾಡ. ನನಗ ಗೊತ್ತಿಲ್ಲಂತ ತಿಳ್ಕೊಂಡಾಳ. ಹಂಗ ತಿಳ್ಕೊಂಡ ಗಂಜಿ ಕಾಸ್ತಾಳ. ಆಕಿ ಮುಂದ ಮಾವ ಬದುಕೇ ಇರ್ಲಿ. ನಾ ಹೋದ ಮ್ಯಾಲ ಬಂದು ಖರೇದ್ದು ಓದಿ ಹೇಳು. ನಡುವ ಬಿಡಬ್ಯಾಡ."

ಆಮೇಲೆ ನಮಗೆ ಎರಡು ಕಾದಂಬರಿಗಳಾದವು. ಆಕೆ ಮನೆಯಲ್ಲಿದ್ದರೆ ಮಾವ ಗಿರಣಿಗೆ ಹೋಗುತ್ತಿದ್ದ. ಈಗ ಗೆಳೆಯನೇ ಬಾಯಿ ಹಾಕಿ, "ಅಂವಗೊಂದು ಹೊಸ ಕೋಟು ಹೊಲಿಸಲೇ" ಎನ್ನುತ್ತಿದ್ದ. ಆಕೆ ನಗುತ್ತಿದ್ದಳು. ಆಕೆ ನೀರಿಗೆ ಹೋದಾಗ ನಾವು ನಿಜವಾದ ಪುಟಗಳನ್ನು ಓದುತ್ತಿದ್ದೆವು. ಒಂದು ಸಲಕ್ಕೆ ಎರಡು ಕೊಡ ನೀರಿನಷ್ಟು ಓದು. ಪುಸ್ತಕ ಮುಗಿಯಲು ಇಪ್ಪತ್ತು ಪುಟ ಉಳಿದಿದ್ದಾಗ, ಒಂದು ಗುರುವಾರ, ಅವನು ಹೋದ.

ಅವನ ಮಾತಿನಂತೆ ಹೋದ ಭಾನುವಾರ ಸಿರುಗುಪ್ಪಕ್ಕೆ ಹೋಗಿದ್ದೆ. ಇಷ್ಟು ದಿನ ಆಗಿರಲಿಲ್ಲ. ಆಕೆ ಬಾಗಿಲಲ್ಲಿ ಮೊರ ಹಿಡಿದು ಅಕ್ಕಿ ಆರಿಸುತ್ತ ಕುಳಿತಿದ್ದಳು. "ತಂಗಿ, ಒಂದು ಸುಳ್ಳು ಹೇಳಿದ್ದೆ" ಎಂದು ಶುರು ಮಾಡಿ ಎಲ್ಲ ಹೇಳಿದೆ, ಅವನಿಗೆ ಗೊತ್ತಿದ್ದದ್ದನ್ನೂ. ಆಕೆ ತಲೆ ಎತ್ತಲಿಲ್ಲ. ಅಕ್ಕಿ ಆರಿಸುತ್ತಲೇ, "ಓದ್ರಿ" ಎಂದಳು.

ನೂರಾ ಎಪ್ಪತ್ತನೆಯ ಪುಟ ತೆಗೆದೆ. ಎರಡು ಸಾಲನ್ನು ಗಡಬಡಿಸಿ ಓದಿದೆ.

"ನಿಧಾನ ಓದ್ರಿ ಅಣ್ಣಾರ. ನೀವು ಅಕ್ಷರ ನುಂಗ್ತೀರಿ ಅಂತ ಅವರು ಹೇಳತಿದ್ರು."

ನಿಧಾನವಾಗಿ ಓದಿದೆ. ಏನೂ ಬದಲಿಸಲಿಲ್ಲ. ಮಾವ ಸತ್ತ. ಮೊರದಲ್ಲಿ ಆಕೆಯ ಕೈ ನಿಂತಿತು. ಬೀದಿಯಲ್ಲಿ ಒಂದು ಬಂಡಿ ಹಾದುಹೋಯಿತು. ನಾನು ಪುಸ್ತಕ ಮುಚ್ಚಲು ಹೋದೆ.

ಆಕೆ ಒಂದು ಕಲ್ಲನ್ನು ಆರಿಸಿ ಹೊರಗೆ ಎಸೆದಳು. ಸೆರಗಿನಿಂದ ಮುಖ ಒರೆಸಿಕೊಂಡಳು.

"ಮುಂದ?" ಎಂದಳು.